ಎಲ್ಲವೂ ಒಂದೊಂದೇ: ಸಣ್ಣ ವಿಮಾನ ನಿಲ್ದಾಣವನ್ನು ಎಷ್ಟು ನಂಬಬಹುದು?

ದಿನಕ್ಕೆ ನಾಲ್ಕೈದು ವಿಮಾನ ಬಂದು ಹೋಗುವ ನಿಲ್ದಾಣಕ್ಕೆ ಅಂಕ ಕೊಡುವವರು ಸಾಮಾನ್ಯವಾಗಿ ಟರ್ಮಿನಲ್ಲಿನ ಗಾಜು, ಕುರ್ಚಿ, ಶೌಚಾಲಯದ ಸ್ವಚ್ಛತೆ ನೋಡಿ ಕೊಟ್ಟುಬಿಡುತ್ತಾರೆ. ಅದೂ ಬೇಕು, ಸರಿ. ಆದರೆ ಇಂಥ ನಿಲ್ದಾಣದ ನಿಜವಾದ ಬಂಡವಾಳ ಗೊತ್ತಾಗುವುದು ಏನಾದರೊಂದು ಕೈಕೊಟ್ಟ ದಿನ. ಕೆಟ್ಟದ್ದರ ಜಾಗಕ್ಕೆ ಇನ್ನೊಂದು ಇದೆಯೇ? ಬಹುಪಾಲು ಇರುವುದಿಲ್ಲ. ರನ್‌ವೇ ಒಂದು, ಎಕ್ಸ್‌ರೇ ಯಂತ್ರ ಒಂದು, ಲಗೇಜು ಬೆಲ್ಟು ಒಂದು, ಇಂಧನದ ಟ್ಯಾಂಕರು ಇದ್ದರೆ ಒಂದು. ಎಲ್ಲವೂ ಊರಿಗೊಬ್ಬಳೇ ಪದ್ಮಾವತಿ. ಸರಿಯಿದ್ದ ದಿನ ಇದರಷ್ಟು ಸುಖದ ಪ್ರಯಾಣ ಬೇರೆಲ್ಲೂ ಇಲ್ಲ, ಕೆಟ್ಟ ದಿನ ಇದರಷ್ಟು ಕೈಕಟ್ಟಿ ಕೂರಿಸುವ ಜಾಗವೂ ಇಲ್ಲ.

ಸುಖದ ಮಾತು ಮೊದಲು. ಕಾರಿನಿಂದ ಇಳಿದ ಬಾಗಿಲಿಗೂ ವಿಮಾನದ ಮೆಟ್ಟಿಲಿಗೂ ನಡುವೆ ಇನ್ನೂರು ಮುನ್ನೂರು ಮೀಟರು ಇದ್ದರೆ ಹೆಚ್ಚು. ಚೆಕ್-ಇನ್, ತಪಾಸಣೆ, ಗೇಟು ಎಲ್ಲ ಒಂದೇ ಹಜಾರದಲ್ಲಿ. ಎಪ್ಪತ್ತು ಜನರ ವಿಮಾನವಾದರೆ ಇಡೀ ಸರತಿ ಅರ್ಧ ಗಂಟೆಯಲ್ಲಿ ಕರಗುತ್ತದೆ. ಹಾಗೆಂದು ಕೊನೇ ಗಳಿಗೆಗೆ ಹೋಗುವ ಹಾಗಿಲ್ಲ. ಇಲ್ಲಿ ಕೌಂಟರ್ ಮುಚ್ಚುವ ಸಮಯ ದೊಡ್ಡ ನಿಲ್ದಾಣಕ್ಕಿಂತ ಕಟ್ಟುನಿಟ್ಟು. ಸಾಮಾನ್ಯವಾಗಿ ಹೊರಡುವ 45ರಿಂದ 60 ನಿಮಿಷ ಮೊದಲು ಚೆಕ್-ಇನ್ ಮುಚ್ಚುತ್ತದೆ, ಮುಚ್ಚಿದ ಮೇಲೆ ಕೌಂಟರಿನಲ್ಲಿ ಮನುಷ್ಯರೇ ಇರುವುದಿಲ್ಲ. ಕಾರಣ ಸರಳ. ಲಗೇಜಿಗೆ ಟ್ಯಾಗು ಹಾಕಿದವರೇ ಆಮೇಲೆ ಗೇಟಿನಲ್ಲಿ ಬೋರ್ಡಿಂಗ್ ಪಾಸ್ ಹರಿಯಬೇಕು, ಅವರೇ ಮೈಕಿನಲ್ಲಿ ಕೂಗಬೇಕು, ಬಂದಿಳಿದವರ ಪೆಟ್ಟಿಗೆ ಕಾಣೆಯಾದರೆ ದೂರು ಬರೆದುಕೊಳ್ಳಬೇಕಾದವರೂ ಅವರೇ. ಹತ್ತು ನಿಮಿಷ ತಡವಾಗಿ ಬಂದವರು ಖಾಲಿ ಕೌಂಟರಿನ ಮುಂದೆ ನಿಂತು ಕೂಗಾಡಿ ಪ್ರಯೋಜನವಿಲ್ಲ. ಒಂದೂವರೆ ಗಂಟೆ ಮೊದಲು ತಲುಪಿದರೆ ಸಾಕು. ಮೂರು ಗಂಟೆ ಮೊದಲು ಹೋದರೆ ಟರ್ಮಿನಲ್ಲಿನ ಬಾಗಿಲೇ ತೆರೆದಿರಲಿಕ್ಕಿಲ್ಲ. ಎರಡು ವಿಮಾನಗಳ ನಡುವೆ ಅಂತರ ಹೆಚ್ಚಿದ್ದಲ್ಲಿ ಅಂಗಡಿ ಮುಚ್ಚುವುದು, ದೀಪ ಆರಿಸುವುದು ಮಾಮೂಲು. ತಿನ್ನಲಿಕ್ಕೆ ಒಳಗೆ ಏನೋ ಸಿಗುತ್ತದೆ ಎಂಬ ನಂಬಿಕೆಯಲ್ಲಿ ಹೋಗಬೇಡಿ.

ಇನ್ನು ವಿಮಾನ. ಸಣ್ಣ ನಿಲ್ದಾಣದ ಸೇವೆಯನ್ನು ಅಲ್ಲಿಗೆ ಬರುವ ವಿಮಾನದಿಂದ ಬೇರೆ ಮಾಡಿ ನೋಡಲಾಗದು. ಜಗತ್ತಿನ ಬಹಳಷ್ಟು ಇಂಥ ನಿಲ್ದಾಣಗಳಿಗೆ ಎಟಿಆರ್ 72ರಂಥ ಟರ್ಬೊಪ್ರಾಪ್‌ಗಳೇ, ಅಂದರೆ ಪ್ರೊಪೆಲ್ಲರ್ ವಿಮಾನಗಳೇ, ಆಧಾರ. ಎಪ್ಪತ್ತರ ಆಸುಪಾಸು ಸೀಟು, ಗಂಟೆಗೆ 500 ಕಿ.ಮೀ. ವೇಗ, ಒಂದೂ ಕಾಲು ಒಂದೂವರೆ ಕಿ.ಮೀ. ರನ್‌ವೇ ಇದ್ದರೂ ನಡೆಯುತ್ತದೆ. ಎಟಿಆರ್‌ನಲ್ಲಿ ಪ್ರಯಾಣಿಕರ ಬಾಗಿಲು ಹಿಂದುಗಡೆ, ಎಡಕ್ಕೆ. ಮೆಟ್ಟಿಲು ಬಾಗಿಲಿನಲ್ಲೇ ಅಂಟಿಕೊಂಡಿರುತ್ತದೆ. ಮುಂದಿನ ಬಾಗಿಲು ಲಗೇಜಿಗೆ. ಹಾಗಾಗಿ ಸೀಟು ಆರಿಸುವಾಗ ಜೆಟ್ ವಿಮಾನದ ಲೆಕ್ಕವನ್ನು ತಲೆಕೆಳಗು ಮಾಡಿಕೊಳ್ಳಿ. ಹಿಂದಿನ ಸಾಲಿನವರು ಮೊದಲು ಇಳಿಯುತ್ತಾರೆ, ಪ್ರೊಪೆಲ್ಲರಿನ ನೇರಕ್ಕೆ ಬರುವ ಮುಂದಿನ ಸಾಲುಗಳಲ್ಲಿ ಗದ್ದಲ ಹೆಚ್ಚು. ಮುಂದಿನ ಸಾಲಿಗೆ ಹೆಚ್ಚಿಗೆ ದುಡ್ಡು ಕೊಡುವುದು ಇಲ್ಲಿ ದಂಡ. ರೆಕ್ಕೆ ಮೇಲಿರುವುದರಿಂದ ಕಿಟಕಿಯ ನೋಟಕ್ಕೆ ಬಹುಪಾಲು ಸೀಟುಗಳಲ್ಲಿ ಮೋಸವಿಲ್ಲ. ಸೀಟುಗಳು ಎರಡೆರಡು, ನಡುವಿನ ಸೀಟೆಂಬ ಪೀಡೆಯೇ ಇಲ್ಲ.

ವಿಮಾನ ಹತ್ತುವಾಗ ಬಲಗಡೆಯ ಎಂಜಿನ್ ಕೂಗುತ್ತಿರುತ್ತದೆ, ಆದರೆ ಅದರ ಪ್ರೊಪೆಲ್ಲರ್ ತಿರುಗುತ್ತಿರುವುದಿಲ್ಲ. ನೋಡಿದವರು ಗಾಬರಿಯಾಗುವುದುಂಟು. ಜೆಟ್‌ಗಳ ಬಾಲದಲ್ಲಿ ನೆಲದ ಮೇಲಿದ್ದಾಗ ವಿದ್ಯುತ್ತು, ತಂಪುಗಾಳಿ ಕೊಡುವ ಪುಟ್ಟ ಎಂಜಿನ್ ಇರುತ್ತದೆ. ಎಟಿಆರ್‌ನಲ್ಲಿ ಅದಿಲ್ಲ. ಬದಲಿಗೆ ಬಲ ಎಂಜಿನ್ನಿನ ಪ್ರೊಪೆಲ್ಲರಿಗೆ ಬ್ರೇಕ್ ಹಾಕಿ, ಎಂಜಿನ್ನನ್ನು ಮಾತ್ರ ಓಡಿಸುತ್ತಾರೆ. ಇದಕ್ಕೆ ಹೋಟೆಲ್ ಮೋಡ್ ಎಂದು ಹೆಸರು. ಸದ್ದಿನ ಕಾರಣಕ್ಕೋ ಹಣ ಉಳಿಸಲಿಕ್ಕೋ ಇದನ್ನು ಬಳಸದ ಕಡೆ ನೆಲದ ಜನರೇಟರ್ ಗಾಡಿ ಬೇಕು. ಆ ಗಾಡಿಯೂ ಒಂದೇ. ಅದು ಕೆಟ್ಟಿದ್ದರೆ ಅಥವಾ ಅದರಿಂದ ದೀಪ ಮಾತ್ರ ಉರಿದು ತಂಪುಗಾಳಿ ಬರದಿದ್ದರೆ, ಎಂಜಿನ್ ಶುರುವಾಗುವವರೆಗೆ ಒಳಗೆ ಬೆವರುತ್ತ ಕೂರಬೇಕು. ಹತ್ತು ನಿಮಿಷದ ಮಾತು. ಕೂಸು ಅಥವಾ ವಯಸ್ಸಾದವರು ಜೊತೆಗಿದ್ದರೆ ಕೊನೆಯಲ್ಲಿ ಹತ್ತುವುದು ಮೇಲು.

ಮೆಟ್ಟಿಲ ಬುಡದಲ್ಲಿ ಒಂದು ಎಡವಟ್ಟು ದಿನಾ ನಡೆಯುತ್ತದೆ. ಟರ್ಬೊಪ್ರಾಪ್‌ಗಳಲ್ಲಿ, ಅದರಲ್ಲೂ ಹಳೆಯವುಗಳಲ್ಲಿ, ತಲೆಯ ಮೇಲಿನ ಗೂಡು ಚಿಕ್ಕದು. ದೊಡ್ಡ ವಿಮಾನದಲ್ಲಿ ಸರಾಗ ಹಿಡಿಸುವ ಚಕ್ರದ ಪೆಟ್ಟಿಗೆ ಇಲ್ಲಿ ಹಿಡಿಸದು. ಸಿಬ್ಬಂದಿ ಅಲ್ಲೇ ಟ್ಯಾಗು ಕಟ್ಟಿ ಸಾಮಾನಿನ ಗೂಡಿಗೆ ಹಾಕುತ್ತಾರೆ. ಕೊಡುವ ಮೊದಲು ಪವರ್ ಬ್ಯಾಂಕ್ ಮತ್ತು ಬಿಡಿ ಬ್ಯಾಟರಿಗಳನ್ನು ಹೊರಗೆ ತೆಗೆದುಕೊಳ್ಳಿ. ಲಿಥಿಯಂ ಬ್ಯಾಟರಿ ಬಿಡಿಯಾಗಿ ಸಾಮಾನಿನ ಗೂಡಿಗೆ ಹೋಗುವಂತಿಲ್ಲ. ಅಲ್ಲಿ ಹೊತ್ತಿಕೊಂಡರೆ ನಂದಿಸಲು ಯಾರೂ ಇರುವುದಿಲ್ಲ. ಜೊತೆಗೆ ಒಯ್ಯಲು 100 ವ್ಯಾಟ್-ಅವರ್‌ವರೆಗೆ ಅಡ್ಡಿಯಿಲ್ಲ, 100ರಿಂದ 160ರ ನಡುವಿನದಕ್ಕೆ ವಿಮಾನ ಸಂಸ್ಥೆಯ ಅನುಮತಿ ಬೇಕು. ಲೆಕ್ಕ ಹೀಗೆ: ಬ್ಯಾಟರಿ ಮೇಲಿನ ಮಿಲಿಆಂಪ್-ಅವರ್ (mAh) ಅಂಕಿಯನ್ನು 1000ದಿಂದ ಭಾಗಿಸಿ 3.7ರಿಂದ ಗುಣಿಸಿ. 20,000ದ ಪವರ್ ಬ್ಯಾಂಕ್ 74 ವ್ಯಾಟ್-ಅವರ್, ಅಂದರೆ ಸರಿ. 30,000ದ್ದು 111, ಅಂದರೆ ಅನುಮತಿ ಕೇಳಬೇಕು. ಮೇಲೆ ಅಂಕಿ ಅಳಿಸಿಹೋಗಿದ್ದರೆ ತಪಾಸಣೆಯಲ್ಲೇ ಕಸಿದುಕೊಳ್ಳಬಹುದು. ಔಷಧಿ, ಕೀಲಿಕೈ, ಕನ್ನಡಕ, ಕಾಗದಪತ್ರ ಇವನ್ನು ಮೊದಲೇ ಹೆಗಲ ಚೀಲದಲ್ಲಿ ಬೇರೆ ಇಟ್ಟುಕೊಂಡಿದ್ದರೆ ಮೆಟ್ಟಿಲ ಬುಡದಲ್ಲಿ ಪೆಟ್ಟಿಗೆ ಹರವಿಕೊಂಡು ಕೂರುವ ಪಾಡು ತಪ್ಪುತ್ತದೆ.

ಒಳಗೆ ಸೀಟು ಅರ್ಧ ಖಾಲಿಯಿದ್ದರೂ ಕಂಡಲ್ಲಿ ಹೋಗಿ ಕೂರಬೇಡಿ. ಇಷ್ಟು ಚಿಕ್ಕ ವಿಮಾನದಲ್ಲಿ ಹತ್ತು ಜನ ಹಿಂದಿನಿಂದ ಮುಂದಕ್ಕೆ ಹೋದರೆ ತೂಕದ ಸಮತೋಲವೇ ಬದಲಾಗುತ್ತದೆ. ಗಗನಸಖಿ ಎಬ್ಬಿಸಿ ಬೇರೆ ಕಡೆ ಕೂರಿಸಿದರೆ ಅದು ದರ್ಪವಲ್ಲ, ಲೆಕ್ಕ.

ಈಗ ಬೆಲೆ ತೆರುವ ಭಾಗ. ವಿಮಾನ ರದ್ದಾದಾಗ ಹವಾಮಾನ ಎಂದು ಒಂದೇ ಪದದಲ್ಲಿ ಹೇಳಿ ಮುಗಿಸುತ್ತಾರೆ. ಅದೇ ಹೊತ್ತಿಗೆ ನೂರು ಕಿ.ಮೀ. ಆಚೆಯ ದೊಡ್ಡ ನಿಲ್ದಾಣದಲ್ಲಿ ಅಂಥದೇ ಮಂಜಿನಲ್ಲಿ ವಿಮಾನಗಳು ಇಳಿಯುತ್ತಿರುತ್ತವೆ. ಜನರಿಗೆ ಸಿಟ್ಟು ಬರುವುದು ಸಹಜ. ವ್ಯತ್ಯಾಸ ಇರುವುದು ರನ್‌ವೇ ಪಕ್ಕದ ಉಪಕರಣದಲ್ಲಿ. ಐಎಲ್‌ಎಸ್ ಎಂಬ ರೇಡಿಯೋ ವ್ಯವಸ್ಥೆ ಪೈಲಟ್‌ಗೆ ಎಡ-ಬಲ ಮತ್ತು ಇಳಿಜಾರು ಎರಡನ್ನೂ ತೋರಿಸುತ್ತದೆ. ಅದರ ಮೊದಲ ದರ್ಜೆಯಲ್ಲೇ ನೆಲದಿಂದ 200 ಅಡಿಯವರೆಗೆ ಇಳಿದು ರನ್‌ವೇ ಕಾಣುತ್ತದೆಯೇ ಎಂದು ನೋಡಬಹುದು, ರನ್‌ವೇ ಮೇಲೆ 550 ಮೀಟರ್ ಗೋಚರತೆ ಇದ್ದರೆ ಸಾಕು. ಐಎಲ್‌ಎಸ್ ಇಲ್ಲದೆ, ಇಳಿಜಾರು ತೋರಿಸದ ಹಳೆಯ ರೇಡಿಯೋ ಕಂಬವನ್ನೇ ನಂಬಿ ಬರುವಲ್ಲಿ, ಮಿತಿ ಇದರ ಎರಡು ಮೂರು ಪಟ್ಟು. ಸುತ್ತ ಗುಡ್ಡವಿದ್ದರೆ ಇನ್ನೂ ಮೇಲೆ. ಅಂದರೆ ಗೋಚರತೆ 1,000 ಮೀಟರ್ ಇರುವ ಬೆಳಿಗ್ಗೆ ದೊಡ್ಡ ನಿಲ್ದಾಣಕ್ಕೆ ಅದು ಮಾಮೂಲು ದಿನ, ಸಣ್ಣದಕ್ಕೆ ಬಾಗಿಲು ಮುಚ್ಚಿದಂತೆ. ಈಚೆಗೆ ಉಪಗ್ರಹ ಆಧಾರಿತ ಇಳಿಯುವ ವಿಧಾನಗಳು ಬಂದಿವೆ. ನೆಲದಲ್ಲಿ ದುಬಾರಿ ಆಂಟೆನಾ ಬೇಡ, ಸರಿಯಾದ ತಿದ್ದುಪಡಿ ಸಂಕೇತ ಸಿಕ್ಕರೆ 200 ಅಡಿಯವರೆಗೂ ಬರಬಹುದು. ಆದರೆ ನಿಲ್ದಾಣಕ್ಕೆ ಆ ವಿಧಾನ ಅಧಿಕೃತವಾಗಿ ಪ್ರಕಟವಾಗಿರಬೇಕು, ವಿಮಾನದಲ್ಲಿ ಉಪಕರಣವಿರಬೇಕು, ಪೈಲಟ್‌ಗೆ ತರಬೇತಿ ಆಗಿರಬೇಕು. ಮೂರರಲ್ಲಿ ಒಂದು ತಪ್ಪಿದರೂ ಹಳೇ ಮಿತಿಯೇ ಗತಿ.

ಇದನ್ನು ಪ್ರಯಾಣಿಕರು ಮನೆಯಿಂದಲೇ ಅಂದಾಜು ಮಾಡಬಹುದು. ಅರ್ಧ ಗಂಟೆಗೋ ಗಂಟೆಗೋ ಒಮ್ಮೆ ಹೊರಬರುವ ಮೆಟಾರ್ ಎಂಬ ಹವಾಮಾನ ವರದಿ ಅಂತರ್ಜಾಲದಲ್ಲಿ ಉಚಿತ. ನಿಲ್ದಾಣದ ನಾಲ್ಕು ಅಕ್ಷರದ ಸಂಕೇತ ಹಾಕಿ ಹುಡುಕಿ. ಟಿಕೆಟ್ ಮೇಲಿನ ಮೂರಕ್ಷರ ಬೇರೆ. ಹೆಚ್ಚಿನ ದೇಶಗಳ ವರದಿಯಲ್ಲಿ ಗಾಳಿಯ ಅಂಕಿಯಾದ ಮೇಲೆ ಬರುವ ನಾಲ್ಕು ಅಂಕಿಯೇ ಮೀಟರಿನಲ್ಲಿ ಗೋಚರತೆ. 9999 ಎಂದರೆ ಹತ್ತು ಕಿ.ಮೀ. ಅಥವಾ ಹೆಚ್ಚು, 0400 ಎಂದರೆ ನಿಧಾನಕ್ಕೆ ತಿಂಡಿ ತಿನ್ನಿ. ಕೊನೆಯ ಕಡೆ 18/17ರ ಹಾಗೆ ಓರೆಗೆರೆ ಹಾಕಿದ ಜೋಡಿ ಅಂಕಿ ಇರುತ್ತದೆ, ಮೊದಲನೆಯದು ಗಾಳಿಯ ಉಷ್ಣತೆ, ಎರಡನೆಯದು ಇಬ್ಬನಿ ಕಟ್ಟುವ ಉಷ್ಣತೆ. ಸಂಜೆಯಿಂದಲೇ ಎರಡೂ ಹತ್ತಿರ ಬರುತ್ತಿದ್ದು, ಆಕಾಶ ತಿಳಿಯಾಗಿದ್ದು, ಗಾಳಿ ನಿಂತಿದ್ದರೆ ಮರುದಿನ ಬೆಳಿಗ್ಗೆ ಮಂಜು ಬೀಳುವ ಸಂಭವ ಹೆಚ್ಚು.

ಯಾವ ಹೊತ್ತಿನ ವಿಮಾನ ಹಿಡಿಯಬೇಕು ಎಂಬ ಪ್ರಶ್ನೆಗೆ ಉತ್ತರವೂ ಇಲ್ಲೇ ಇದೆ. ಮೊದಲ ವಿಮಾನ ಹಿಡಿಯಿರಿ ಎಂಬ ಸಲಹೆ ದೊಡ್ಡ ನಿಲ್ದಾಣಕ್ಕೆ ಒಪ್ಪುತ್ತದೆ. ಸಣ್ಣದರಲ್ಲಿ ಮೊದಲ ವಿಮಾನ ರಾತ್ರಿ ಅಲ್ಲೇ ತಂಗಿದ್ದೋ, ಬೆಳಿಗ್ಗೆ ಬೇರೆ ಊರಿಂದ ಬರಬೇಕಾದದ್ದೋ ನೋಡಬೇಕು. ಬರಬೇಕಾದದ್ದಾದರೆ ಮಂಜಿಗೆ ಮೊದಲು ಸಿಕ್ಕಿಬೀಳುವುದು ಅದೇ. ಕೊನೆಯ ವಿಮಾನ ಇನ್ನೂ ಕಷ್ಟ. ಒಂದೇ ವಿಮಾನ ದಿನಕ್ಕೆ ಆರೇಳು ಹಾರಾಟ ಮಾಡುತ್ತಿರುತ್ತದೆ, ಎರಡರ ನಡುವೆ ಇರುವುದು ಇಪ್ಪತ್ತೈದು ಮೂವತ್ತು ನಿಮಿಷ. ಬೆಳಿಗ್ಗೆಯ ಇಪ್ಪತ್ತು ನಿಮಿಷದ ವಿಳಂಬ ಸಂಜೆಗೆ ಒಂದೂವರೆ ಗಂಟೆಯಾಗಿ ಬೆಳೆದಿರುತ್ತದೆ. ಅಷ್ಟರಲ್ಲಿ ಕಂಟ್ರೋಲ್ ಟವರಿನ ಕೆಲಸದ ಅವಧಿ ಮುಗಿಯುತ್ತದೆ. ಇಂತಿಷ್ಟು ಹೊತ್ತಿನಿಂದ ಇಂತಿಷ್ಟು ಹೊತ್ತಿಗೆ ಎಂದು ಪ್ರಕಟಿಸಿದ ಅವಧಿಯಲ್ಲಷ್ಟೇ ಟವರಿನಲ್ಲಿ ಜನ. ವಿಸ್ತರಣೆ ಕೇಳಿ ಒಪ್ಪಿಗೆ ಸಿಕ್ಕರೆ ಸರಿ, ಇಲ್ಲವಾದರೆ ಆಕಾಶ ನಿಚ್ಚಳವಾಗಿದ್ದರೂ ವಿಮಾನ ಬಾರದು. ರನ್‌ವೇ ಅಂಚಿನ ದೀಪಗಳೇ ಇಲ್ಲದ ಕಡೆ ಸೂರ್ಯಾಸ್ತವೇ ಗಡುವು. ಆಯ್ಕೆ ಇದ್ದರೆ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡರ ನಡುವಿನ ವಿಮಾನ ಹಿಡಿಯಿರಿ. ಮಂಜು ಕರಗಿರುತ್ತದೆ, ಮಧ್ಯಾಹ್ನದ ಗುಡುಗುಮೋಡ ಇನ್ನೂ ಕಟ್ಟಿರುವುದಿಲ್ಲ, ವಿಳಂಬವೂ ಹೆಚ್ಚು ಬೆಳೆದಿರುವುದಿಲ್ಲ.

ಟವರ್ ಎಂದೆನಲ್ಲ, ಅದೂ ಎಲ್ಲ ಕಡೆ ಒಂದೇ ತೆರನಲ್ಲ. ಸ್ವೀಡನ್ನಿನ ಓರ್ನ್‌ಶೋಲ್ಡ್ಸ್‌ವಿಕ್ ನಿಲ್ದಾಣವನ್ನು 2015ರಿಂದ ದೂರದ ಸುಂದ್ಸ್ವಾಲಿನಲ್ಲಿ ಕೂತವರು ಕ್ಯಾಮೆರಾ ಪರದೆ ನೋಡಿಕೊಂಡು ನಿಯಂತ್ರಿಸುತ್ತಾರೆ. ಸಣ್ಣ ನಿಲ್ದಾಣದ ದೊಡ್ಡ ಖರ್ಚಾದ ಸಿಬ್ಬಂದಿಯ ಪ್ರಶ್ನೆಗೆ ಇದು ಜಾಣ ಉತ್ತರ. ಅಮೆರಿಕದ ಟವರಿಲ್ಲದ ನಿಲ್ದಾಣಗಳಲ್ಲಿ ಇನ್ನೂ ಸರಳ. ಪೈಲಟ್ ತನ್ನ ರೇಡಿಯೋ ಗುಂಡಿಯನ್ನು ಐದು ಸೆಕೆಂಡಿನಲ್ಲಿ ಏಳು ಸಲ ಒತ್ತಿದರೆ ರನ್‌ವೇ ದೀಪ ಪೂರ್ತಿ ಪ್ರಖರವಾಗಿ ಹೊತ್ತಿಕೊಳ್ಳುತ್ತದೆ, ಐದು ಸಲ ಒತ್ತಿದರೆ ಮಧ್ಯಮ, ಮೂರು ಸಲಕ್ಕೆ ಮಂದ.

ಯಾರ ಕಣ್ಣಿಗೂ ಬೀಳದ, ಆದರೆ ಇಡೀ ನಿಲ್ದಾಣವನ್ನು ನಿಲ್ಲಿಸಿಬಿಡಬಲ್ಲ ಸೇವೆ ಅಗ್ನಿಶಾಮಕ. ಇಳಿಯುವ ವಿಮಾನದ ಉದ್ದ, ಅಗಲ ನೋಡಿ ನಿಲ್ದಾಣಕ್ಕೆ ಒಂದು ವರ್ಗ ನಿಗದಿಯಾಗುತ್ತದೆ. 27 ಮೀಟರ್ ಉದ್ದದ ಎಟಿಆರ್ 72ಕ್ಕೆ 5ನೇ ವರ್ಗ: ಒಂದು ಅಗ್ನಿಶಾಮಕ ವಾಹನ, ಸಾಮಾನ್ಯವಾಗಿ ಬಳಸುವ ಬಿ ದರ್ಜೆಯ ನೊರೆಗೆ 5,400 ಲೀಟರ್ ನೀರು. 37 ಮೀಟರ್ ದಾಟಿದ ಏರ್‌ಬಸ್ ಎ320ಕ್ಕೆ 6ನೇ ವರ್ಗ: ಎರಡು ವಾಹನ, 7,900 ಲೀಟರ್. ಸಂಚಾರ ತೀರ ಕಡಿಮೆಯಿದ್ದಲ್ಲಿ ಒಂದು ಮೆಟ್ಟಿಲು ಕೆಳಗಿನ ವರ್ಗಕ್ಕೆ ಅವಕಾಶವಿದೆ, ಅದಕ್ಕಿಂತ ಕೆಳಗಿಲ್ಲ. ರನ್‌ವೇಯ ಯಾವ ತುದಿಗಾದರೂ ಮೂರು ನಿಮಿಷದೊಳಗೆ ತಲುಪಬೇಕು. ಇದ್ದ ಒಂದೇ ವಾಹನದ ಪಂಪು ಕೆಟ್ಟರೆ ಆ ಕ್ಷಣದಿಂದ ವರ್ಗ ಇಳಿಯುತ್ತದೆ. ವಿಮಾನ ಸರಿಯಿದೆ, ಹವಾಮಾನ ಸರಿಯಿದೆ, ಆದರೂ ಹಾರಾಟ ಇಲ್ಲ. ತಾಂತ್ರಿಕ ಕಾರಣ ಎಂಬ ಎರಡು ಪದದ ಹಿಂದೆ ಇದೂ ಇರಬಹುದು. ಹೊಸ ಟರ್ಮಿನಲ್ ಕಟ್ಟಿ ಇನ್ನು ದೊಡ್ಡ ಜೆಟ್ ಬರುತ್ತದೆ ಎಂದು ಯಾರಾದರೂ ಘೋಷಿಸಿದರೆ ಮೊದಲು ಕೇಳಬೇಕಾದ ಪ್ರಶ್ನೆ, ಎರಡನೇ ಅಗ್ನಿಶಾಮಕ ವಾಹನ ಬಂತೇ ಎಂಬುದು.

ರನ್‌ವೇಗೆ ಸಮಾನಾಂತರ ದಾರಿ ಇಲ್ಲದಿರುವುದು ಇನ್ನೊಂದು ಕೊರತೆ. ಇಳಿದ ವಿಮಾನ ತುದಿಯವರೆಗೆ ಹೋಗಿ, ಅಲ್ಲಿನ ಅಗಲದ ಜಾಗದಲ್ಲಿ ಗಿರಕಿ ಹೊಡೆದು, ಅದೇ ರನ್‌ವೇಯಲ್ಲಿ ವಾಪಸು ಬರುತ್ತದೆ. ಮೂರು ನಾಲ್ಕು ನಿಮಿಷ ಬೇರೆ ಯಾರೂ ಇಳಿಯುವಂತಿಲ್ಲ, ಏರುವಂತಿಲ್ಲ. ಎರಡು ವಿಮಾನ ಒಟ್ಟಿಗೆ ಬಂದರೆ ಒಂದು ಮೇಲೆ ಸುತ್ತು ಹೊಡೆಯುತ್ತಿರಬೇಕು.

ಬಿಸಿಲಿನ ದಿನ ಮತ್ತು ಎತ್ತರದ ಜಾಗದ ತೊಂದರೆ ಬೇರೆ. ಬಿಸಿ ಗಾಳಿ ತೆಳು, ರೆಕ್ಕೆಗೆ ಎತ್ತುವ ಬಲ ಕಡಿಮೆ, ಎಂಜಿನ್ನಿಗೂ ಕಸುವು ಕಡಿಮೆ. ಉದ್ದನೆಯ ರನ್‌ವೇ ಇದ್ದರೆ ಇನ್ನಷ್ಟು ಓಡಿ ಏರಬಹುದು. ಗಿಡ್ಡ ರನ್‌ವೇಯಲ್ಲಿ ಉಳಿಯುವ ದಾರಿ ತೂಕ ಇಳಿಸುವುದು. ಅಲ್ಲಿ ಇಂಧನ ತುಂಬುವ ವ್ಯವಸ್ಥೆಯೂ ಇಲ್ಲದಿದ್ದರೆ ಹೋಗಿ ಬರುವ ಎರಡೂ ದಾರಿಯ ಇಂಧನವನ್ನು ಬರುವಾಗಲೇ ಹೊತ್ತು ತಂದಿರಬೇಕು. ಇಂಧನ ಚೆಲ್ಲಲಾಗದು, ಜನರನ್ನು ಇಳಿಸುವುದು ಕಷ್ಟ. ಕೆಳಗಿಳಿಯುವುದು ಲಗೇಜು. ನೀವು ಬಂದಿಳಿದ ಮೇಲೂ ಪೆಟ್ಟಿಗೆ ಬರದಿದ್ದರೆ ಅದು ಕಳೆದಿರಬೇಕೆಂದಿಲ್ಲ, ಬೇಕೆಂದೇ ಬಿಟ್ಟು ಬಂದಿರಬಹುದು. ಬೇಸಗೆ ಮಧ್ಯಾಹ್ನದ ವಿಮಾನಕ್ಕೆ ತೂಕದ ಪೆಟ್ಟಿಗೆ ಹೇರದಿರುವುದು ಜಾಣತನ.

ರದ್ದಾದರೆ ಏನು ಮಾಡಬೇಕು? ಮೊದಲು ಸಂಖ್ಯೆ ನೋಡಿ. ರದ್ದಾದ ವಿಮಾನದಲ್ಲಿ 70 ಜನ. ಮುಂದಿನ ವಿಮಾನ ನಾಳೆ, ಅದರಲ್ಲಿ ಹತ್ತು ಸೀಟು ಖಾಲಿ. ನಾಡಿದ್ದು ಇನ್ನೊಂದು ಹತ್ತು. ಈ ಲೆಕ್ಕದಲ್ಲಿ ಸಾಲಿನ ಕೊನೆಯವರಿಗೆ ಸೀಟು ಸಿಗುವುದು ಒಂದು ವಾರಕ್ಕೆ. ಆದ್ದರಿಂದ ಕೌಂಟರ್ ಸಾಲಿನಲ್ಲಿ ನಿಂತುಕೊಂಡೇ ಆ್ಯಪ್ ತೆರೆಯಿರಿ, ಸಹಾಯವಾಣಿಗೂ ಕರೆ ಮಾಡಿ. ಮೂರರಲ್ಲಿ ಮೊದಲು ಸಿಕ್ಕಿದ್ದನ್ನು ಹಿಡಿಯಿರಿ. ಹತ್ತಿರದ ದೊಡ್ಡ ನಿಲ್ದಾಣದಿಂದ ಸೀಟು ಕೊಡಿಸಿ, ಅಲ್ಲಿಗೆ ಹೋಗಲು ಬಸ್ಸು ಕೊಡಿ ಎಂದು ನೇರವಾಗಿ ಕೇಳಿ. ಕೇಳದೆ ಹೋದರೆ ಹಣ ವಾಪಸು ಎಂಬ ಸಂದೇಶ ಕಳಿಸಿ ಕೈತೊಳೆದುಕೊಳ್ಳುತ್ತಾರೆ. ಮುಂದೆ ಇನ್ನೊಂದು ವಿಮಾನ ಹಿಡಿಯುವುದಿದ್ದರೆ ಎರಡೂ ಹಾರಾಟ ಒಂದೇ ಟಿಕೆಟಿನಲ್ಲಿರಲಿ. ಆಗ ತಪ್ಪಿದ ವಿಮಾನಕ್ಕೆ ಬದಲಿ ಕೊಡುವುದು ಅವರ ಜವಾಬ್ದಾರಿ, ಲಗೇಜೂ ನೇರ ಕೊನೆಯ ಊರಿಗೆ ಹೋಗುವುದು ವಾಡಿಕೆ. ಬೇರೆ ಬೇರೆ ಟಿಕೆಟು ಅಗ್ಗವೆಂದು ಕಾಣುತ್ತದೆ. ಹಾಗೆ ಕೊಂಡರೆ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ. ವಿದೇಶದ ವಿಮಾನವಾದರೆ ಹಿಂದಿನ ರಾತ್ರಿಯೇ ಹೋಗಿ ಉಳಿಯಿರಿ.

ಗಾಲಿಕುರ್ಚಿ ಬೇಕಾದವರು 48 ಗಂಟೆ ಮೊದಲೇ ತಿಳಿಸಬೇಕು, ತಿಳಿಸಿದ ಮೇಲೂ ಹಿಂದಿನ ದಿನ ಫೋನು ಮಾಡಿ ಖಾತ್ರಿ ಮಾಡಿಕೊಳ್ಳಬೇಕು. ಕೇಳಬೇಕಾದ್ದು ಗಾಲಿಕುರ್ಚಿ ಇದೆಯೇ ಎಂದಲ್ಲ, ಅದು ಎಲ್ಲ ಕಡೆ ಇರುತ್ತದೆ. ವಿಮಾನದ ಬಾಗಿಲವರೆಗೆ ಏರಿಸುವ ರ‍್ಯಾಂಪ್ ಅಥವಾ ಲಿಫ್ಟ್ ಗಾಡಿ ಇದೆಯೇ, ಸೀಟುಗಳ ನಡುವಿನ ಓಣಿಯಲ್ಲಿ ಹಿಡಿಸುವ ಕಿರಿದಾದ ಕುರ್ಚಿ ಇದೆಯೇ ಎಂದು ಕೇಳಿ. ಇಲ್ಲದ ಕಡೆ ಇಬ್ಬರು ಹೊತ್ತು ಏರಿಸುತ್ತಾರೆ. ಬೆನ್ನು, ಸೊಂಟದ ಶಸ್ತ್ರಚಿಕಿತ್ಸೆ ಆದವರಿಗೆ ಅದು ಆಗಿಬರುವ ಮಾತಲ್ಲ. ವಿದ್ಯುತ್ ಗಾಲಿಕುರ್ಚಿಯಾದರೆ ಬ್ಯಾಟರಿಯ ಬಗೆ, ತೂಕ, ಮಡಚಿದಾಗಿನ ಎತ್ತರ ಮೂರನ್ನೂ ಮೊದಲೇ ಕೊಡಿ, ಲಗೇಜು ಬಾಗಿಲಿನಲ್ಲಿ ಹಿಡಿಸದಿದ್ದರೆ ಅಲ್ಲೇ ಉಳಿಯುತ್ತದೆ.

ದಿನದ ನಾಲ್ಕೈದು ವಿಮಾನವೊಂದನ್ನೇ ನೋಡಿ ಇಂಥ ನಿಲ್ದಾಣ ದಂಡ ಎನ್ನುವುದೂ ತಪ್ಪು. ಏರ್ ಆಂಬುಲೆನ್ಸ್, ಹಾರಾಟ ತರಬೇತಿ ಶಾಲೆ, ಅಂಗಾಂಗ ಸಾಗಣೆ, ಪ್ರವಾಹ ಬಂದಾಗ ಪರಿಹಾರ ಸಾಮಗ್ರಿ, ಇವಕ್ಕೆಲ್ಲ ಒಂದು ಗಟ್ಟಿ ರನ್‌ವೇ ಸಾಕು. ಸ್ಕಾಟ್ಲೆಂಡಿನ ಬಾರಾ ದ್ವೀಪದಲ್ಲಿ ಅದೂ ಇಲ್ಲ. ಕಡಲ ದಂಡೆಯ ಮರಳೇ ರನ್‌ವೇ, ಸಮುದ್ರದ ಉಬ್ಬರವಿಳಿತ ನೋಡಿ ವೇಳಾಪಟ್ಟಿ. ಆ ದ್ವೀಪದವರಿಗೆ ದೊಡ್ಡ ಆಸ್ಪತ್ರೆಗೆ ಹೋಗಲು ಅದೂ ಒಂದು ದಾರಿ. ನೇಪಾಳದ ಲುಕ್ಲಾದಲ್ಲಿ ರನ್‌ವೇ ಉದ್ದ 527 ಮೀಟರ್, ಅದೂ ಗುಡ್ಡದ ಇಳಿಜಾರಿನಲ್ಲಿ. ಅಲ್ಲಿ ಬೆಳಗಿನ ಹೊತ್ತಿನ ಹಾರಾಟಕ್ಕೆ ಸೀಟು ಸಿಗದಿದ್ದರೆ ಆ ದಿನದ ಆಸೆ ಬಿಡುವುದೇ ವಾಸಿ, ಮಧ್ಯಾಹ್ನಕ್ಕೆ ಗಾಳಿ ಏಳುತ್ತದೆ, ಮೋಡ ಕವಿಯುತ್ತದೆ.

ಬಂದಿಳಿದ ಮೇಲೆ ಲಗೇಜು ಹತ್ತು ಹದಿನೈದು ನಿಮಿಷದಲ್ಲಿ ಕೈಗೆ ಸಿಗುತ್ತದೆ. ಟ್ರಾಲಿ ನಿಮ್ಮ ಕಣ್ಣೆದುರೇ ವಿಮಾನದಿಂದ ಬೆಲ್ಟಿಗೆ ಬರುತ್ತದೆ, ಈ ವಿಷಯದಲ್ಲಿ ಯಾವ ಮಹಾನಗರದ ನಿಲ್ದಾಣವೂ ಇದಕ್ಕೆ ಸಾಟಿಯಲ್ಲ. ಪೆಟ್ಟಿಗೆ ಬರದಿದ್ದರೆ ಅಥವಾ ಒಡೆದಿದ್ದರೆ ಹೊರಗೆ ಕಾಲಿಡುವ ಮೊದಲೇ ದೂರು ಬರೆಸಿ, ದೂರಿನ ಸಂಖ್ಯೆ ಪಡೆದುಕೊಳ್ಳಿ. ದೂರು ಬರೆದುಕೊಳ್ಳಬೇಕಾದವರು ಆಗಲೇ ಹೊರಡುವ ವಿಮಾನದ ಗೇಟಿನಲ್ಲಿರುತ್ತಾರೆ, ಅದು ಹೊರಟ ಅರ್ಧ ಗಂಟೆಗೆ ಮನೆಗೆ ಹೋಗಿರುತ್ತಾರೆ. ಅಂತರರಾಷ್ಟ್ರೀಯ ಪ್ರಯಾಣದ ಭಾಗವಾಗಿದ್ದರೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಒಡೆದ ಲಗೇಜಿಗೆ ಕೈಸೇರಿದ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ 21 ದಿನದೊಳಗೆ ಲಿಖಿತ ದೂರು ಸಲ್ಲಬೇಕು. ಹೊರಗಿನ ಟ್ಯಾಕ್ಸಿಗಳೂ ಲೆಕ್ಕದವು. ವಿಮಾನ ಬಂದಾಗ ನಾಲ್ಕೈದು ನಿಂತಿರುತ್ತವೆ, ಹತ್ತು ನಿಮಿಷಕ್ಕೆ ಒಂದೂ ಇರುವುದಿಲ್ಲ. ದೂರು ಬರೆಸಲು ಒಳಗೆ ನಿಲ್ಲುವ ಮೊದಲು ಗಾಡಿಗೆ ಫೋನು ಮಾಡಿಡಿ.